ಗಾಡಿ ಬೆಲೆ ಇಳಿಯುತ್ತೆ, ಪಾರ್ಟ್ಸ್ ಬೆಲೆ ಇಳಿಯಲ್ಲ

1/6

ನಮ್ಮಣ್ಣ 25,000 ರೂಪಾಯಿ ಕಳ್ಕೊಂಡ. ಕಾರಣ ನಾನು.

ಹೋದ ವಾರ ಸ್ಟೋರಿಯಲ್ಲಿ ಒಂದು ಕೆಂಪು ಕಾರಿನ ಫೋಟೋ ಹಾಕಿದ್ದೆ. ಎರಡೇ ಸೀಟು, ಮೇಲ್ಛಾವಣಿ ಮಡಚಿ ಹಿಂದೆ ಹೋಗುತ್ತೆ, ಅದೇ. "ಯಾರದೇ ಇದು?", "ತಗೊಂಡ್ರಾ? ಟ್ರೀಟ್ ಯಾವಾಗ?" ಅಂತ ಎಷ್ಟೊಂದು ಮೆಸೇಜ್ ಬಂತು. ತಗೊಳ್ಳಲಿಲ್ಲ ಕಣ್ರೋ. ಯಾಕೆ ಅಂತ ಆರು ಪೋಸ್ಟ್‌ನಲ್ಲಿ ಹೇಳ್ತೀನಿ. ನಮ್ಮ ಬಿಕಾಂ ಬ್ಯಾಚ್‌ನವರು ಪೂರ್ತಿ ಓದಿ. ನಾನು ಮಾಡಿದ ತಪ್ಪು ನಮ್ಮ ಸಿಲಬಸ್‌ನಲ್ಲೇ ಇದೆ.

ಆದ್ರೆ ಕೆಂಪು ಕಾರಿಗಿಂತ ಮೊದಲು ಅಪ್ಪನ ಕಾರಿನ ಕಥೆ ಹೇಳಬೇಕು. ನನಗೆ ತಲೆ ತಿರುಗಿದ್ದು ಅಲ್ಲಿಂದಲೇ.

2/6

ಅಪ್ಪನಿಗೆ ಅಂಗಡಿ ಇದೆ, ಇಷ್ಟು ವರ್ಷ ಸ್ಕೂಟರ್‌ನಲ್ಲೇ ಓಡಾಟ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳೀತಲ್ಲ, ಆಮೇಲೆ ಮನಸ್ಸು ಮಾಡಿದ್ರು. ಮೈಸೂರಿನ ಒಂದು ಶೋರೂಮ್‌ಗೆ ಹೋದ್ವಿ. ಅವರು ಕೊಟ್ಟ ಕೊಟೇಶನ್ ಇದು:

ಎಕ್ಸ್-ಶೋರೂಮ್ 8,00,000
ರೋಡ್ ಟ್ಯಾಕ್ಸ್ 1,24,320
ಇನ್ಶೂರೆನ್ಸ್ 42,000
ಆಕ್ಸೆಸರಿ ಕಿಟ್ 19,000
ಎಕ್ಸ್‌ಟೆಂಡೆಡ್ ವಾರಂಟಿ 14,000
ಹ್ಯಾಂಡ್ಲಿಂಗ್ ಚಾರ್ಜ್ 8,000
ನೋಂದಣಿ, ಫಾಸ್ಟ್‌ಟ್ಯಾಗ್ ಇತ್ಯಾದಿ 5,680
ಒಟ್ಟು 10,13,000

ಅಪ್ಪ ಕೊನೇ ಸಾಲು ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ್ರು.

ಇದರಲ್ಲಿ ಸರ್ಕಾರದ ಪಾಲು ಎಷ್ಟು ಗೊತ್ತಾ? ಎಕ್ಸ್-ಶೋರೂಮ್ 8 ಲಕ್ಷದ ಒಳಗೇ ಸುಮಾರು 1,22,000 ಜಿಎಸ್‌ಟಿ ಕೂತಿದೆ. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ. 5ರಿಂದ 10 ಲಕ್ಷದ ಕಾರಿಗೆ ಶೇ 14, ಸೆಸ್ ಸೇರಿದರೆ ಹದಿನೈದೂವರೆ. ಎರಡೂ ಕೂಡಿಸಿ ಹತ್ತಿರ ಹತ್ತಿರ ಎರಡೂವರೆ ಲಕ್ಷ. ಇದರಲ್ಲಿ ಚೌಕಾಸಿಗೆ ಜಾಗ ಇಲ್ಲ.

ಉಳಿದ ಸಾಲುಗಳಲ್ಲಿ ಇದೆ. ಇನ್ಶೂರೆನ್ಸನ್ನ ಶೋರೂಮ್‌ನಲ್ಲೇ ಮಾಡಿಸಬೇಕು ಅನ್ನೋ ಕಡ್ಡಾಯ ಇಲ್ಲ. ಅದೇ ಕವರ್, ಅದೇ ಐಡಿವಿ, ಹೊರಗಡೆ 31,000ಕ್ಕೆ ಸಿಕ್ತು. ಕಿಟ್ ಬೇಡ ಅಂದ್ವಿ. ಮ್ಯಾಟು, ಮಡ್‌ಫ್ಲ್ಯಾಪು, ಕವರು ಎಲ್ಲಾ ಹೊರಗೆ 6,000ಕ್ಕೆ ಆಯ್ತು. "ಹ್ಯಾಂಡ್ಲಿಂಗ್ ಅಂದ್ರೆ ಏನನ್ನ ಹ್ಯಾಂಡಲ್ ಮಾಡ್ತೀರಿ?" ಅಂತ ಕೇಳಿದ್ದಕ್ಕೆ ಮ್ಯಾನೇಜರ್ ನಕ್ಕು ಆ ಸಾಲನ್ನೇ ಹೊಡೆದು ಹಾಕಿದ್ರು.

ಉಳಿದಿದ್ದು 32,000. ಅಪ್ಪ ಆವತ್ತು ಸಂಜೆ ಅಂಗಡಿಗೆ ಬಂದೋರಿಗೆಲ್ಲ "ನನ್ನ ಮಗಳು ಕಾಮರ್ಸ್ ಓದ್ತಾಳೆ" ಅಂತ ಹೇಳ್ತಿದ್ರು.

3/6

"ಡೀಲರ್‌ಗಳು ಲೂಟಿ ಹೊಡೀತಾರೆ" ಅಂತ ಕಾಮೆಂಟ್ ಹಾಕೋ ಮುಂಚೆ ಇದನ್ನ ಓದಿ.

ನಮ್ಮಲ್ಲಿ ಮಾಮೂಲಿ ಹೊಸ ಕಾರಿನ ಮೇಲೆ ಡೀಲರ್ ಮಾರ್ಜಿನ್ ಸಾಮಾನ್ಯವಾಗಿ ಶೇ 3ರಿಂದ 5ರ ಆಸುಪಾಸು. ಅಪ್ಪನ ಕಾರಿನ ತೆರಿಗೆ ಬಿಟ್ಟ ಬೆಲೆ 6.78 ಲಕ್ಷ. ಶೇ 4 ಹಿಡಿದರೆ ಸುಮಾರು 27,000. ಅಂದ್ರೆ ನಾವು ಉಳಿಸಿದ ದುಡ್ಡು ಕಾರಿನಲ್ಲಿ ಅವರಿಗೆ ಸಿಗೋ ಇಡೀ ಮಾರ್ಜಿನ್‌ಗಿಂತ ಜಾಸ್ತಿ!

ಆ 27,000 ಗ್ರಾಸ್ ಪ್ರಾಫಿಟ್ ಮಾತ್ರ, ಟ್ರೇಡಿಂಗ್ ಅಕೌಂಟ್‌ನಲ್ಲಿ ನಿಲ್ಲೋದು. ಗಾಜಿನ ಶೋರೂಮ್‌ನ ಬಾಡಿಗೆ, ಸಂಬಳ, ಕರೆಂಟ್ ಬಿಲ್ ಎಲ್ಲ ಅದರಿಂದಲೇ ಕಳೀಬೇಕು. ಜೊತೆಗೆ ಬಡ್ಡಿ. ಯಾರ್ಡ್‌ನಲ್ಲಿ ನಿಂತಿರೋ ಕಾರುಗಳನ್ನ ಡೀಲರ್ ಸಾಮಾನ್ಯವಾಗಿ ಬ್ಯಾಂಕ್ ಸಾಲದಲ್ಲಿ ತಂದಿರ್ತಾರೆ. ಕಾರು ನಿಂತಷ್ಟು ದಿನ ಬಡ್ಡಿ ಓಡ್ತಾ ಇರುತ್ತೆ. ಡಿಸೆಂಬರ್‌ನಲ್ಲಿ ರಿಯಾಯಿತಿ ಸುರಿಯೋದಕ್ಕೆ ಇದೂ ಒಂದು ಕಾರಣ. ಜನವರಿ ಬಂದ್ರೆ ಹೋದ ತಿಂಗಳು ತಯಾರಾದ ಕಾರೂ "ಹೋದ ವರ್ಷದ ಗಾಡಿ" ಆಗಿಬಿಡುತ್ತೆ. ಇದನ್ನ ನೆನಪಿಡಿ, ಮುಂದೆ ನೀವು ಮಾರುವಾಗ್ಲೂ ಜನ ತಯಾರಾದ ವರ್ಷವನ್ನೇ ಕೇಳ್ತಾರೆ.

ಹಾಗಾಗಿ ಶೋರೂಮ್ ಬದುಕೋದು ಕಾರಿನ ಸುತ್ತ ಇರೋದ್ರಿಂದ. ವಿಮೆ ಕಮಿಷನ್, ಸಾಲ ಮಾಡಿಸಿದ್ದಕ್ಕೆ ಬ್ಯಾಂಕಿನಿಂದ ಬರೋ ಪಾಲು, ಆಕ್ಸೆಸರಿ, ಸರ್ವಿಸ್, ಹಳೇ ಕಾರಿನ ಎಕ್ಸ್‌ಚೇಂಜ್. ಕಾರು ಹೋಟೆಲಿನ ಅನ್ನ ಇದ್ದ ಹಾಗೆ, ಲಾಭ ಇರೋದು ಪಕ್ಕದ ಪಲ್ಯದಲ್ಲಿ.

ಇಷ್ಟು ಗೊತ್ತಾದ ಮೇಲೆ ಕಾರಿನ ಲೆಕ್ಕ ಎಲ್ಲಾ ಗೊತ್ತಾಯ್ತು ಅಂದ್ಕೊಂಡೆ. ತಪ್ಪು ಶುರುವಾಗಿದ್ದು ಇಲ್ಲಿ.

4/6

ಅಣ್ಣ ಬೆಂಗಳೂರಲ್ಲಿ ಕೆಲಸ ಮಾಡ್ತಾನೆ. ಒಂದಿನ ರಾತ್ರಿ ಫೋಟೋ ಕಳಿಸಿದ. ಜರ್ಮನ್ ಸ್ಪೋರ್ಟ್ಸ್ ಕಾರು, 12 ವರ್ಷ ಹಳೇದು. ಹೊಸದರಲ್ಲಿ 70 ಲಕ್ಷ, ಈಗ ಕೇಳ್ತಿರೋದು 16. "ನೀನು ಅಪ್ಪಂಗೆ ಲೆಕ್ಕ ಹಾಕ್ಕೊಟ್ಟೆ ಅಲ್ವಾ, ನಂಗೂ ಹೇಳೇ" ಅಂದ.

ನಾನು ಡಬ್ಲ್ಯೂಡಿವಿ ವಿಧಾನದಲ್ಲಿ ಹಾಕಿದೆ. ವರ್ಷಕ್ಕೆ ಶೇ 15. ಮೊದಲ ವರ್ಷ ಕರಗೋದು ಹತ್ತೂವರೆ ಲಕ್ಷ. 12 ವರ್ಷದ ಕೊನೆಗೆ ಪುಸ್ತಕದ ಬೆಲೆ ಸುಮಾರು 10 ಲಕ್ಷ. 13ನೇ ವರ್ಷ ಕರಗೋದು ಬರೀ ಒಂದೂವರೆ ಲಕ್ಷ. ಪುಸ್ತಕ 10 ಅಂದ್ರೂ ಮಾರ್ಕೆಟ್ 16 ಅಂತಿದೆ, ಅಂದ್ರೆ ಒಳ್ಳೆ ರೀಸೇಲ್! "ಅಣ್ಣಾ, ಬೀಳೋದೆಲ್ಲ ಬಿದ್ದಾಗಿದೆ, ಇನ್ನೇನೂ ಬೀಳಲ್ಲ" ಅಂತ ವಾಯ್ಸ್ ನೋಟ್ ಕಳಿಸಿದೆ. ಅದು ಇನ್ನೂ ನನ್ನ ಫೋನಲ್ಲಿದೆ.

ಅವನ ಹತ್ರ ಇದ್ದಿದ್ದು 9 ಲಕ್ಷ. ಅಷ್ಟು ಹಳೇ ಗಾಡಿಗೆ ಕಾರ್ ಲೋನ್ ಸಿಗಲಿಲ್ಲ, 7 ಲಕ್ಷ ಪರ್ಸನಲ್ ಲೋನ್ ಅಂತ ತೀರ್ಮಾನ ಮಾಡಿದ. ಆ 9 ಲಕ್ಷ ನಮ್ಮ ಮನೆ ಹಿಂಭಾಗದ ಶೀಟು ತೆಗೆದು ಆರ್‌ಸಿಸಿ ಹಾಕಿಸೋಕೆ ಅಂತ ಕೂಡಿಟ್ಟಿದ್ದು. ಅಮ್ಮ ಏನೂ ಹೇಳಲಿಲ್ಲ. "ನೀವಿಬ್ರೂ ಓದಿದೋರು, ನೋಡ್ಕೊಳ್ಳಿ" ಅಂದ್ರು ಅಷ್ಟೇ.

ಅಣ್ಣ 25,000 ಟೋಕನ್ ಕೊಟ್ಟ.

5/6

ದುಡ್ಡು ಪೂರ್ತಿ ಕೊಡೋ ಮುಂಚೆ ಗಾಡಿನ ಹೊರಗಿನ ಗ್ಯಾರೇಜ್‌ಗೆ ತೋರಿಸೋಣ ಅಂದಿದ್ದು ಅಣ್ಣನ ಸ್ನೇಹಿತ. ನಾನಲ್ಲ. ಲಿಫ್ಟ್ ಮೇಲೆ ಎತ್ತಿ ಒಂದು ಗಂಟೆ ನೋಡಿದ್ರು. ಮಡಚೋ ಛಾವಣಿಯ ಹೈಡ್ರಾಲಿಕ್ ಸೋರ್ತಿದೆ. ಬ್ರೇಕ್ ಡಿಸ್ಕ್ ಸವೆದಿದೆ. ಗಾಡಿ ಓಡಿದ್ದು ಕಮ್ಮಿ, ಆದ್ರೆ ನಿಂತಲ್ಲೇ ನಾಲ್ಕೂ ಟೈರ್ ಒಣಗಿ ಬಿರುಕು ಬಿಟ್ಟಿವೆ. ಕೂಲಂಟ್ ಪೈಪುಗಳು ಹೋಗೋ ಹಂತದಲ್ಲಿವೆ. ಅಂದಾಜು 3,80,000.

ಮೆಕ್ಯಾನಿಕ್ ಹೇಳಿದ ಮಾತು ಬರ್ಕೊಂಡಿದೀನಿ: "ಸಾರ್, ನಿಮಗಿದು 16 ಲಕ್ಷದ ಗಾಡಿ. ಪಾರ್ಟ್ಸ್‌ಗೆ ಅದು ಗೊತ್ತಿಲ್ಲ, ಅವಕ್ಕೆ ಇದಿನ್ನೂ 70 ಲಕ್ಷದ ಗಾಡೀನೇ."

ಸರ್ವಿಸ್ ಬುಕ್‌ನಲ್ಲಿ ಹಿಂದಿನ ಮಾಲೀಕರ ನಂಬರ್ ಇತ್ತು. ಫೋನ್ ಮಾಡಿದ್ವಿ. ಅವರು ಡೀಲರ್‌ಗೆ ಕೊಟ್ಟಿದ್ದು 12 ಲಕ್ಷಕ್ಕೆ. ನಮಗೆ 16. ಮಾರೋ ಬೆಲೆಯ ಕಾಲು ಭಾಗ ಮಾರ್ಜಿನ್!

ಮೊದಲು ಕೋಪ ಬಂತು. ಆಮೇಲೆ ಸ್ಟಾಕ್ ಟರ್ನೋವರ್ ನೆನಪಾಯ್ತು. ಅಪ್ಪನ ಥರದ ಕಾರು ಬೇಗ ಬೇಗ ಖಾಲಿ ಆಗುತ್ತೆ, ಅದಕ್ಕೆ ಸಣ್ಣ ಮಾರ್ಜಿನ್ ಸಾಕು. ಇಂಥ ಕಾರಿಗೆ ಗಿರಾಕಿ ಸಿಗೋಕೆ ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಡೀಲರ್ ದುಡ್ಡು ಅಲ್ಲೇ ಸಿಕ್ಕಿಕೊಂಡಿರುತ್ತೆ. ಆ ಮಾರ್ಜಿನ್ ಮೇಲೆ ಶೇ 18 ಜಿಎಸ್‌ಟಿನೂ ಅವರೇ ಕಟ್ಟಬೇಕು. ಸರಿ, ಆದ್ರೆ ನಾಳೆ ನಾವು ಮಾರೋಕೆ ಹೋದ್ರೆ? ನಾವೂ ಆ 12ರ ಕಡೆ ನಿಂತಿರ್ತೀವಿ. ತಗೊಂಡ ದಿನವೇ 4 ಲಕ್ಷ ಹೋದ ಹಾಗೆ. ನಾನು "ಮಾರ್ಕೆಟ್ ಬೆಲೆ" ಅಂದ್ಕೊಂಡಿದ್ದು ಕೇಳೋ ಬೆಲೆ, ಸಿಗೋ ಬೆಲೆ ಅಲ್ಲ.

ಇಂಥ ಕಾರು ಯಾಕೆ ಅಷ್ಟು ಬೀಳುತ್ತೆ? ಪೂರ್ತಿ ತಯಾರಾಗಿ ಬಂದ ವಿದೇಶಿ ಕಾರಿಗೆ ಆಮದು ಸುಂಕ ಬಿದ್ದಿರುತ್ತೆ, ಅದರ ಮೇಲೆ ಈಗ ಶೇ 40 ಜಿಎಸ್‌ಟಿ, ಅದರ ಮೇಲೆ 20 ಲಕ್ಷ ದಾಟಿದ್ರೆ ಕರ್ನಾಟಕದ್ದು ಶೇ 18, ಜೊತೆಗೆ ಸೆಸ್. ಮೊದಲ ಮಾಲೀಕ ಕಟ್ಟಿದ ತೆರಿಗೆಗೆ ಎರಡನೇ ಗಿರಾಕಿ ಪೂರ್ತಿ ಬೆಲೆ ಕೊಡಲ್ಲ. ಜೊತೆಗೆ ಎರಡೇ ಸೀಟು, ನಮ್ಮ ಹಂಪುಗಳಿಗೆ ಹೊಟ್ಟೆ ತಾಗುತ್ತೆ. ಮೂರು ವರ್ಷ ಕಳೆದ್ರೆ 15 ವರ್ಷ ತುಂಬಿ ಆರ್‌ಸಿ ನವೀಕರಣ ಬೇರೆ.

ಹಾಗಂತ ಜೋರಾಗಿ ಓಡೋ ಎಲ್ಲಾ ಕಾರೂ ಬೀಳಲ್ಲ. ಫೋಕ್ಸ್‌ವ್ಯಾಗನ್ ಪೋಲೊ ನಮ್ಮಲ್ಲಿ 2022ರಲ್ಲಿ ನಿಂತೋಯ್ತು, ಆದ್ರೂ ಚೆನ್ನಾಗಿರೋ ಜಿಟಿ ಟಿಎಸ್‌ಐಗೆ ಇವತ್ತಿಗೂ ಹುಡುಕೋರಿದ್ದಾರೆ. ಕಂಪನಿ ಇಲ್ಲೇ ಇದೆ, ರಿಪೇರಿ ಮಾಡೋರು ಸಿಗ್ತಾರೆ. ಸಾಕೋಕೆ ಆಗೋ ಕಾರಿಗೇ ರೀಸೇಲ್.

6/6

ಟೋಕನ್ ವಾಪಸ್ ಬರಲಿಲ್ಲ. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು, ನಾವು ಓದಿರಲಿಲ್ಲ.

ನನ್ನ ತಪ್ಪು ಎಲ್ಲಿ ಅಂತ ನೋಡಿ. ಡಿಪ್ರಿಸಿಯೇಷನ್ ಅಂದ್ರೆ ಕೊಟ್ಟ ದುಡ್ಡನ್ನ ವರ್ಷಗಳ ಮೇಲೆ ಹಂಚೋ ಲೆಕ್ಕ. ನಾಳೆ ಮಾರ್ಕೆಟ್‌ನಲ್ಲಿ ಎಷ್ಟು ಸಿಗುತ್ತೆ ಅಂತ ಅದು ಹೇಳಲ್ಲ. ಇನ್ಶೂರೆನ್ಸ್‌ನ ಐಡಿವಿನೂ ಅಷ್ಟೇ, ಅದು ವಿಮೆಯ ಲೆಕ್ಕ. ಇನ್ನೊಂದು ವಿಷಯ, ಪ್ರಾಫಿಟ್ ಅಂಡ್ ಲಾಸ್ ಅಕೌಂಟ್‌ನಲ್ಲಿ ಡಿಪ್ರಿಸಿಯೇಷನ್ ಒಂದು ಸಾಲು, ರಿಪೇರಿ ಇನ್ನೊಂದು ಸಾಲು. ನಾನು ಒಂದೇ ಸಾಲು ಓದಿ ಅಣ್ಣನಿಗೆ ಧೈರ್ಯ ಹೇಳಿದೆ.

ನೀವು ಹೊಸ ಕಾರು ತಗೊಳ್ಳೋದಾದ್ರೆ ಕೊಟೇಶನ್‌ನ ಸಾಲು ಸಾಲಾಗಿ ಬರೆಸಿಕೊಳ್ಳಿ, ತೆರಿಗೆ ಬಿಟ್ಟು ಪ್ರತಿಯೊಂದಕ್ಕೂ "ಇದು ಬೇಕೇ ಬೇಕಾ?" ಅಂತ ಕೇಳಿ. 10 ಲಕ್ಷ ದಾಟಿದ ಕಾರಿಗೆ ಹಿಡಿಯೋ ಶೇ 1 ಟಿಸಿಎಸ್‌ನ ಐಟಿ ರಿಟರ್ನ್‌ನಲ್ಲಿ ಲೆಕ್ಕಕ್ಕೆ ತಗೋಬಹುದು, ಬಿಡಬೇಡಿ. ಹಳೇದಾದ್ರೆ ಮೊದಲು ಗ್ಯಾರೇಜ್, ಆಮೇಲೆ ಟೋಕನ್. ಸ್ಪೋರ್ಟ್ಸ್ ಕಾರಾದ್ರೆ ಅದರ ಇವತ್ತಿನ ಬೆಲೆ ಅಲ್ಲ, ಹೊಸದರ ಬೆಲೆ ನೋಡಿ. ಅದನ್ನ ಸಾಕೋ ಶಕ್ತಿ ಇದೆಯಾ ಅಂತ ಕೇಳ್ಕೊಳ್ಳಿ.

ಅಮ್ಮ ಟೋಕನ್ ಬಗ್ಗೆ ಕೇಳಿದಾಗ ಅಣ್ಣ "ನಾನೇ ದುಡುಕಿದೆ ಬಿಡಮ್ಮ" ಅಂದ. ನನ್ನ ವಾಯ್ಸ್ ನೋಟ್ ವಿಷಯ ಎತ್ತಲೇ ಇಲ್ಲ. ನಾನು ಪಕ್ಕದಲ್ಲೇ ಕೂತು ಅನ್ನ ಕಲಸ್ತಿದ್ದೆ, ಬಾಯಿ ಬಿಡಲಿಲ್ಲ. ಅಪ್ಪ ಇನ್ನೂ ಅಂಗಡಿಯಲ್ಲಿ ಮಗಳ ಲೆಕ್ಕದ ಬಗ್ಗೆ ಹೇಳ್ತಾನೇ ಇದಾರೆ.

ಇಷ್ಟು ಜನರ ಮುಂದೆ ಬರೆದಾಯ್ತು, ಇನ್ನು ಮನೇಲಿ ಇಬ್ಬರ ಮುಂದೆ ಹೇಳೋದು ಬಾಕಿ. ಭಾನುವಾರ ಅಣ್ಣ ಊರಿಗೆ ಬರ್ತಿದಾನೆ, ಆರ್‌ಸಿಸಿ ಕೆಲಸಕ್ಕೆ ಮೇಸ್ತ್ರಿನೂ ಬರ್ತಾರೆ. ಅವತ್ತೇ ಹೇಳ್ತೀನಿ.

ನಿಮ್ಮ ಮನೇಲಿ ಕಾರು ತಗೊಂಡಾಗ ಯಾವ ಸಾಲಿನಲ್ಲಿ ದುಡ್ಡು ಹೋಯ್ತು? ಕಾಮೆಂಟ್‌ನಲ್ಲಿ ಬರೀರಿ, ಇನ್ನೊಬ್ಬರಿಗೆ ಉಳಿಯುತ್ತೆ.