ಫೆಬ್ರವರಿ ಗೊತ್ತಿದ್ದ ಗಡಿಯಾರ

ಗಂಟೆ ಎಷ್ಟಾಯಿತು ಎಂದು ಕೇಳುವವರು ನಮ್ಮ ಕಡಬದಲ್ಲಿ ಮೊದಲಿನಿಂದಲೂ ಕಡಿಮೆ. ಗುಬ್ಬಿಯ ಬಸ್ಸು ಬಂದಾಗ ಬರುತ್ತದೆ, ತೋಟಕ್ಕೆ ಕರೆಂಟು ಕೊಟ್ಟಾಗ ಕೊಡುತ್ತಾರೆ. ಗಡಿಯಾರ ನೋಡಿ ಆಗಬೇಕಾದ್ದೇನೂ ಇಲ್ಲ. ಆದರೆ ಇವತ್ತು ಎಷ್ಟನೇ ತಾರೀಕು ಎನ್ನುವುದು ಎಲ್ಲರಿಗೂ ಬೇಕು. ಡೇರಿಯ ಬಟವಾಡೆ, ಸೊಸೈಟಿ ಸಾಲದ ಕಂತು, ರೇಷನ್ ಅಕ್ಕಿ, ವೃದ್ಧಾಪ್ಯ ವೇತನ, ಕೋರ್ಟಿನ ವಾಯಿದೆ, ಎಲ್ಲಕ್ಕೂ ತಾರೀಕೇ ಆಧಾರ. ಹೀಗಿರುವಾಗ ನಮ್ಮ ಮುತ್ತಾತ ಗಡಿಯಾರ ಕೊಳ್ಳಲು ಹೋಗಿ ತಾರೀಕಿನ ಗಡಿಯಾರವನ್ನೇ ಹೊತ್ತು ತಂದದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಶಾನುಭೋಗರು. ಲೆಕ್ಕದಲ್ಲಿ ತಾರೀಕು ತಪ್ಪಿದರೆ ಅಮಲ್ದಾರರ ಮುಂದೆ ಕೈಕಟ್ಟಿ ನಿಲ್ಲಬೇಕಾದ ಕೆಲಸ.

ಬೆಂಗಳೂರು ದಂಡಿನಲ್ಲಿ ಊರು ಬಿಟ್ಟು ಹೊರಟಿದ್ದ ದೊರೆಯೊಬ್ಬನ ಸಾಮಾನು ಹರಾಜಾದಾಗ ಇದು ಸಿಕ್ಕಿತಂತೆ. ಗುಬ್ಬಿಯವರೆಗೆ ರೈಲು, ಅಲ್ಲಿಂದ ಮುಂದೆ ಗೋಣಿತಾಟು ಸುತ್ತಿ ಎತ್ತಿನಗಾಡಿ. ಮರದ ಉದ್ದನೆಯ ಪೆಟ್ಟಿಗೆ, ಅದರಲ್ಲಿ ಒಂದರ ಕೆಳಗೊಂದು ಎರಡು ಡಯಲು. ಮೇಲಿನದು ಗಂಟೆಗೆ. ಕೆಳಗಿನದರ ಸುತ್ತ 1ರಿಂದ 31ರವರೆಗೆ ಅಂಕಿ, ಅದನ್ನು ತೋರಿಸಲು ಒಂದೇ ಮುಳ್ಳು. ನಡುವೆ ಎರಡು ಪುಟ್ಟ ಕಿಂಡಿಗಳು, ಒಂದರಲ್ಲಿ ವಾರ, ಇನ್ನೊಂದರಲ್ಲಿ ತಿಂಗಳು. ಮುವತ್ತು ದಿನದ ತಿಂಗಳು ಯಾವುದು, ಮುವತ್ತೊಂದರದು ಯಾವುದು, ಫೆಬ್ರವರಿಗೆ ಯಾವ ವರ್ಷ 28, ಯಾವ ವರ್ಷ 29, ಎಲ್ಲವೂ ಅದಕ್ಕೇ ಗೊತ್ತು. ಯಾರೂ ಕೈಯಿಟ್ಟು ಸರಿಮಾಡಬೇಕಿಲ್ಲ. ಊರಿನವರು ಬಂದು ಬಾಗಿಲಲ್ಲೇ ನಿಂತು, ‘ತಾರೀಕೆಷ್ಟು ಸ್ವಾಮಿ?’ ಎಂದು ಕೇಳಿಕೊಂಡು ಹೋಗುತ್ತಿದ್ದರೆಂದು ತಾತ ಹೇಳುತ್ತಿದ್ದರು.

ಕೆಳಗಿನ ಡಯಲಿನಲ್ಲಿ ಇಥಾಕಾ ಕ್ಯಾಲೆಂಡರ್ ಕ್ಲಾಕ್ ಕಂಪನಿ ಎಂಬ ಹೆಸರಿದೆ. ಇಥಾಕಾ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರು. ಆ ಊರಿಗೆ ತಾರೀಕಿನ ಹುಚ್ಚು ಹೇಗೆ ಹಿಡಿಯಿತೋ, 1853ರಲ್ಲೇ ಅಲ್ಲಿನ ಜಾನ್ ಹಾಸ್ ಎಂಬಾತ ಕ್ಯಾಲೆಂಡರ್ ಗಡಿಯಾರಕ್ಕೆ ಪೇಟೆಂಟ್ ಪಡೆದಿದ್ದ. ಅದಕ್ಕೆ ಅಧಿಕ ವರ್ಷದ ಲೆಕ್ಕ ಬರುತ್ತಿರಲಿಲ್ಲ. ಹೆನ್ರಿ ಹಾರ್ಟನ್ 1865ರಲ್ಲಿ ಪೇಟೆಂಟ್ ಪಡೆದ ಯಂತ್ರ ಆ ಲೆಕ್ಕವನ್ನೂ ಹಾಕುತ್ತಿತ್ತು. ಅದನ್ನೇ ನಂಬಿ 1868ರಲ್ಲಿ ಕಂಪನಿ ಶುರುವಾಯಿತು. ತಮಾಷೆಯೆಂದರೆ ಗಂಟೆ ತೋರಿಸುವ ಯಂತ್ರ ಅವರದಲ್ಲ. ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಊರಿನಿಂದ ಕೊಂಡು ತರುತ್ತಿದ್ದರು. ಗಂಟೆ ಯಾರು ಬೇಕಾದರೂ ತೋರಿಸಲಿ, ತಾರೀಕು ಮಾತ್ರ ನಮ್ಮದು ಎನ್ನುವ ಧೋರಣೆ. ಕಡಬದವರಿಗೆ ಒಪ್ಪುವ ಮಾತೇ. ಹಾಗೆ ನೋಡಿದರೆ ಲಂಡನ್ನಿನ ಥಾಮಸ್ ಮಡ್ಜ್ 1762ರ ಸುಮಾರಿಗೇ ಇಂಥ ವಿದ್ಯೆಯನ್ನು ಜೇಬುಗಡಿಯಾರದೊಳಗೆ ಕೂರಿಸಿದ್ದ. ಅದು ಶ್ರೀಮಂತರ ಜೇಬಿಗೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲೂ ತಾರೀಕು ತೋರಿಸುವ ಫ್ರೆಂಚ್ ಗಡಿಯಾರವಿದೆ, ಅದರಲ್ಲಿ ಗಂಟೆಗೊಮ್ಮೆ ಆಟಿಕೆ ಸಿಪಾಯಿಗಳ ಮೆರವಣಿಗೆ, ಅದು ಅರಸರಿಗೆ. ಇಥಾಕಾದವರು ಮಾಡಿದ್ದು ಆಫೀಸಿನ ಗೋಡೆಗೆ, ಮನೆಯ ಪಡಸಾಲೆಗೆ.

ತಾತ ಇರುವವರೆಗೆ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಅದಕ್ಕೆ ಕೀ ಕೊಡುತ್ತಿದ್ದರು. ಬೇರೆಯವರು ಮುಟ್ಟುವಂತಿರಲಿಲ್ಲ. ಅವರು ಹೋದ ಮೇಲೆ ಕೀ ಕೊಡುವವರೂ ಇಲ್ಲವಾದರು. ಅಪ್ಪನ ಕೈಗೆ ಮದುವೆಯಲ್ಲಿ ಸಿಕ್ಕ ಎಚ್‌ಎಂಟಿ ಕಾಂಚನ್ ವಾಚಿತ್ತು. ವಾರ, ತಾರೀಕು ಎರಡೂ ಅದರಲ್ಲೇ ಕಾಣುತ್ತಿತ್ತು. ಕೈ ಆಡಿಸಿದರೆ ಸಾಕು, ಕೀ ಕೂಡ ಬೇಡ. ಆದರೆ ಕಾಂಚನ್‌ಗೆ ಎಲ್ಲ ತಿಂಗಳೂ ಒಂದೇ. ಫೆಬ್ರವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮುಗಿದಾಗ, ವರ್ಷಕ್ಕೆ ಐದು ಸಲ, ಅಪ್ಪ ತಿರುಪು ಎಳೆದು ತಾರೀಕು ಸರಿಮಾಡಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಅಂಗಡಿಯವರು ಕೊಟ್ಟ ಕ್ಯಾಲೆಂಡರೂ ಇತ್ತು. ಹೀಗೆ ಕೆಲಸ ಕಳೆದುಕೊಂಡ ಗಡಿಯಾರ ಅಟ್ಟ ಸೇರಿತು. ಒಮ್ಮೆ ಚಿಕ್ಕಪ್ಪ ಇಳಿಸಿ, ಧೂಳು ಹೊಡೆದು, ಕಂಡ ಚಕ್ರಕ್ಕೆಲ್ಲ ಕೊಬ್ಬರಿ ಎಣ್ಣೆ ಬಿಟ್ಟು ನಡೆಸಿದರು. ನಡೆಯಿತು. ಆದರೆ ಅದಕ್ಕೆ ಹೊಸದೊಂದು ಔದಾರ್ಯ ಬಂದುಬಿಟ್ಟಿತ್ತು: ಯಾವ ತಿಂಗಳು ಬಂದರೂ 31 ದಿನ! ಜೂನ್ 31, ನವೆಂಬರ್ 31, ಕೊನೆಗೆ ಫೆಬ್ರವರಿ 31 ಸಹ. ಚಿಕ್ಕಪ್ಪ ಅದನ್ನು ಮತ್ತೆ ಮೇಲಕ್ಕೇರಿಸಿದರು.

ಮನೆ ರಿಪೇರಿಯ ಸಂದರ್ಭದಲ್ಲಿ ಅದು ಕೆಳಗಿಳಿದಾಗ ಗುಜರಿಯವನು ಹಿತ್ತಾಳೆಯ ತೂಕಕ್ಕೆ ಕೇಳಿದ. ಕೊಡಲು ಮನಸ್ಸಾಗದೆ ತುಮಕೂರಿಗೆ ಒಯ್ದೆ. ಗಡಿಯಾರದ ವಿಷಯದಲ್ಲಿ ತುಮಕೂರು ಸಾಮಾನ್ಯ ಊರಲ್ಲ. 1978ರಲ್ಲಿ ಅಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಆರಂಭವಾಯಿತು. ನಮ್ಮ ಕಡೆ ಎಷ್ಟೋ ಮನೆಗಳಿಗೆ ಅದೇ ಅನ್ನ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆಯ ಜಾಗ ಈಗ ಇಸ್ರೋದ್ದು. ಕೈಯಲ್ಲಿ ವಿದ್ಯೆಯಿದ್ದ ಕೆಲವರು ಅಂಗಡಿ ಮುಂದೆ ಗಾಜಿನ ಡಬ್ಬಿಯಂಥ ಮೇಜು ಹಾಕಿಕೊಂಡು ಕೂತರು. ನನಗೆ ಸಿಕ್ಕಿದವರು ಅಂಥವರಲ್ಲೊಬ್ಬರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಹಲಗೆ ತೆಗೆದವರೇ ಮೂಗಿನಿಂದ ವಾಸನೆ ಹಿಡಿದು, ‘ಕೊಬ್ಬರಿ ಎಣ್ಣೆ ತಲೆಗೆ ಸ್ವಾಮಿ, ಗಡಿಯಾರಕ್ಕಲ್ಲ’ ಎಂದರು. ತೆಂಗಿನ ಸೀಮೆಗೆ ಬಂದ ವಸ್ತುವಿಗೆಲ್ಲ ಈ ಎಣ್ಣೆಯ ಯೋಗ ತಪ್ಪಿದ್ದಲ್ಲ. ಮೊದಲು ನುಣ್ಣಗೆ ಜಾರಿಸುತ್ತದೆ, ಆಮೇಲೆ ಧೂಳನ್ನು ಕೂಡಿಕೊಂಡು ಅಂಟಾಗಿ, ಹಿತ್ತಾಳೆಯ ಜೊತೆ ಸೇರಿ ಹಸಿರು ಮೇಣವಾಗುತ್ತದೆ.

ಬಿಚ್ಚುವ ಕೆಲಸಕ್ಕೆ ಕೈಹಾಕುವ ಮೊದಲು ಅವರು ಮಾಡಿದ್ದು ಎರಡೂ ಸ್ಪ್ರಿಂಗುಗಳ ಬಿಗಿ ಇಳಿಸುವುದನ್ನು. ಒಂದು ನಡೆಯುವುದಕ್ಕೆ, ಒಂದು ಗಂಟೆ ಹೊಡೆಯುವುದಕ್ಕೆ. ಈ ಅಮೆರಿಕನ್ ಯಂತ್ರಗಳಲ್ಲಿ ಸ್ಪ್ರಿಂಗಿಗೆ ಡಬ್ಬಿಯ ಕಾವಲಿಲ್ಲ, ಬಯಲಲ್ಲೇ ಸುತ್ತಿಕೊಂಡಿರುತ್ತದೆ. ಬಿಗಿಯಿದ್ದಾಗಲೇ ಪ್ಲೇಟು ಬಿಚ್ಚಿದರೆ ಬೆರಳು ಹೋಗುತ್ತದೆ, ಹಲ್ಲಿನ ಚಕ್ರವೂ ಹೋಗುತ್ತದೆ. ಪ್ಲೇಟು ಬೇರೆಯಾದ ಮೇಲೆ ಅಚ್ಚು ಕೂರುವ ತೂತುಗಳನ್ನು ತೋರಿಸಿದರು. ದುಂಡಗಿರಬೇಕಾದವು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಹಿಂದೆ ಯಾವನೋ ರಿಪೇರಿಯವನು ತೂತಿನ ಸುತ್ತ ಉಳಿಯಿಂದ ಚುಕ್ಕಿಚುಕ್ಕಿ ಹೊಡೆದು ಹಿತ್ತಾಳೆಯನ್ನು ಒಳಕ್ಕೆ ತಳ್ಳಿ ತೂತು ಚಿಕ್ಕದು ಮಾಡಿದ್ದ. ‘ಇದು ಅವತ್ತಿನ ಕೂಲಿಗೆ ಆಗುವ ಕೆಲಸ’ ಎಂದು ನಕ್ಕು, ತೂತು ದೊಡ್ಡದು ಮಾಡಿ ಹೊಸ ಬುಷ್ ಕೂರಿಸಿದರು. ಲೋಲಕ ತೂಗುವ ತೆಳು ಉಕ್ಕಿನ ಪಟ್ಟಿ ಮುರಿದಿತ್ತು, ಅದನ್ನೂ ಬದಲಿಸಿದರು. ಇಷ್ಟರವರೆಗೆ ಯಾವ ಹಳೆಯ ಗಡಿಯಾರಕ್ಕಾದರೂ ಇರುವ ವೈದ್ಯವೇ.

ಕೆಳಗಿನ ಅಂತಸ್ತಿಗೆ ಬಂದಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ನಡುರಾತ್ರಿ ಮೇಲಿನ ಯಂತ್ರ ಒಂದು ತಂತಿಯನ್ನು ಎತ್ತಿ ಬಿಡುತ್ತದೆ. ಆ ಒಂದು ಎತ್ತುಗೆಗೆ ತಾರೀಕಿನ ಮುಳ್ಳು ಒಂದು ಮನೆ ಮುಂದೆ, ವಾರದ ಉರುಳೆ ಒಂದು ಹೆಸರು ಮುಂದೆ. ತಿಂಗಳಿಗೆ ಎಷ್ಟು ದಿನ ಎಂಬ ಜ್ಞಾನವಿರುವುದು ವರ್ಷಕ್ಕೊಂದು ಸುತ್ತು ಬರುವ ಚಕ್ರದ ಅಂಚಿನಲ್ಲಿ. 31ರ ತಿಂಗಳಿಗೆ ಅಂಚು ಸಪಾಟು, 30ರದಕ್ಕೆ ಸಣ್ಣ ತಗ್ಗು, ಫೆಬ್ರವರಿಗೆ ಆಳದ ತಗ್ಗು. ಬಾವಿಯ ಆಳ ನೋಡಲು ಹಗ್ಗ ಇಳಿಬಿಟ್ಟಂತೆ ಒಂದು ಸನ್ನೆ ಆ ತಗ್ಗಿಗಿಳಿದು ನೋಡುತ್ತದೆ. ಎಷ್ಟು ಇಳಿಯಿತೋ ಅಷ್ಟು ತಾರೀಕುಗಳನ್ನು ಹಾರಿಸಿ ಮುಳ್ಳು ಒಂದಕ್ಕೆ ಬಂದು ನಿಲ್ಲುತ್ತದೆ. ಫೆಬ್ರವರಿಯ ತಗ್ಗಿನ ಬಳಿ ಇನ್ನೊಂದು ಸಣ್ಣ ಬಿಲ್ಲೆಯಿದೆ. ಅದು ನಾಲ್ಕು ವರ್ಷಕ್ಕೆ, ಎಂದರೆ 1461 ರಾತ್ರಿಗಳಿಗೆ ಒಂದೇ ಸುತ್ತು. ನಾಲ್ಕನೆಯ ವರ್ಷ ತಗ್ಗಿನ ಆಳವನ್ನು ಒಂದು ದಿನದಷ್ಟು ತುಂಬಿ 29ಕ್ಕೆ ಜಾಗ ಮಾಡಿಕೊಡುವುದು ಅದರ ಕೆಲಸ. ಚಿಕ್ಕಪ್ಪನ ಎಣ್ಣೆ ಗಟ್ಟಿಯಾಗಿದ್ದುದು ಆ ಸನ್ನೆಯ ಬುಡದಲ್ಲಿ. ಅದು ಇಳಿಯುತ್ತಲೇ ಇರಲಿಲ್ಲ, ಹಾಗಾಗಿ ಎಲ್ಲ ತಿಂಗಳೂ 31. ಮುರಿದದ್ದು ಏನೂ ಇರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಒಣಗಿಸಿ ಬಿಟ್ಟಾಗ ಸನ್ನೆ ತನ್ನ ಭಾರಕ್ಕೆ ತಾನೇ ಟಕ್ಕೆಂದು ಇಳಿಯಿತು.

ಆಮೇಲೆ ಅದನ್ನು ಇಂದಿನ ದಿನಕ್ಕೆ ತರಬೇಕು. ಇಂದು ಯಾವ ತಿಂಗಳು ಎಂದು ಹೇಳಿದರೆ ಸಾಲದು, ಅಧಿಕ ವರ್ಷ ಮುಗಿದು ಎಷ್ಟನೆಯ ವರ್ಷ ಎಂದೂ ಹೇಳಬೇಕು. ಫೆಬ್ರವರಿಗೆ 29 ಬರುವವರೆಗೆ ತಿಂಗಳುಗಳನ್ನು ತಿರುಗಿಸಿ, ಅಲ್ಲಿಂದ ಎಣಿಸುತ್ತ ಈಚೆಗೆ ಬರುವುದು ಕ್ರಮ. ಅವರು ಹೆಬ್ಬೆರಳಲ್ಲಿ ತಿರುಗಿಸುತ್ತಿದ್ದರು, ಕಿಂಡಿಯಲ್ಲಿ ದೀಪಾವಳಿಯ ತಿಂಗಳು, ಸಂಕ್ರಾಂತಿಯ ತಿಂಗಳು, ಪರೀಕ್ಷೆಯ ತಿಂಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಮನೆಯಲ್ಲಿ ಒಂದು ಮದುವೆ, ಒಂದು ಸಾವು, ಎರಡು ಬೋರ್‌ವೆಲ್ ಕಂಡ ವರ್ಷಗಳು ಕಾಫಿ ಆರುವುದರೊಳಗೆ ಮುಗಿದವು.

ವಾರದ ಉರುಳೆಗೆ ಅಂಟಿಸಿದ್ದ ಕಾಗದವನ್ನು ಹುಳು ತಿಂದಿತ್ತು. ಇಂಗ್ಲಿಷ್ ಅಕ್ಷರದ ಅಂಥದೇ ಕಾಗದ ಹುಡುಕಿದರೆ ಬೆಲೆ ಉಳಿಯುತ್ತದೆ ಎಂದರು ಅವರು. ಮಾರುವವರಿಗಲ್ಲವೇ ಬೆಲೆ? ಪಕ್ಕದ ಡಿಟಿಪಿ ಅಂಗಡಿಯಲ್ಲಿ ಅಳತೆ ಕೊಟ್ಟು ಸೋಮವಾರ, ಮಂಗಳವಾರ ಎಂದು ಅಚ್ಚು ಹಾಕಿಸಿ ಅಂಟಿಸಿದೆವು. ಈಗ ತಿಂಗಳು ಇಂಗ್ಲಿಷ್, ವಾರ ಕನ್ನಡ, ನಾವು ಮಾತಾಡುವ ಹಾಗೆಯೇ.

ಅಷ್ಟಾದರೂ ಅಜ್ಜಿಯ ಹಳೆಯ ಆಕ್ಷೇಪಣೆಗೆ ಈ ಯಂತ್ರದಲ್ಲಿ ಉತ್ತರವಿಲ್ಲ. ‘ನಿಮ್ಮ ಗಡಿಯಾರಕ್ಕೆ ಏಕಾದಶಿ ಗೊತ್ತೇನು?’ ಎಂದು ಆಕೆ ತಾತನನ್ನು ಕೇಳುತ್ತಿದ್ದರು. ಕಡಬ ಹೆಬ್ಬಾರ್ ಅಯ್ಯಂಗಾರರ ಹಳೆಯ ನೆಲೆಗಳಲ್ಲೊಂದು. ಏಕಾದಶಿ ತಪ್ಪಿದರೆ ಇಲ್ಲಿ ಫೆಬ್ರವರಿ ಸರಿಯಿದ್ದು ಏನು ಬಂತು? ಚಂದ್ರನ ಲೆಕ್ಕಕ್ಕೆ ನಾಲ್ಕು ವರ್ಷದ ಬಿಲ್ಲೆ ಸಾಲದು. 19 ವರ್ಷಕ್ಕೆ 7 ಅಧಿಕ ಮಾಸ ಸೇರಿ 235 ತಿಂಗಳಾಗಬೇಕು. 2023ರಲ್ಲಿ ಎರಡು ಶ್ರಾವಣ ಬಂದವು, ಹಿತ್ತಾಳೆಗೆ ಸುಳಿವೇ ಇಲ್ಲ. ಆದ್ದರಿಂದ ಗಡಿಯಾರದ ಪಕ್ಕದ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ಅಂದೂ ತೂಗುತ್ತಿತ್ತು, ಇಂದೂ ತೂಗುತ್ತಿದೆ.

ತಾರೀಕಿನ ವಿಷಯದಲ್ಲಿ ನಮ್ಮೂರು ಇಥಾಕಾಗಿಂತ ಹಿರಿದು ಎನ್ನುವ ಜಂಬವೂ ನನಗಿದೆ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಶಾಸನವೊಂದು ಕಡಬದಲ್ಲಿ ಸಿಕ್ಕಿದೆ. ಕುನುಂಗಿಲ್ ದೇಶವನ್ನು, ಎಂದರೆ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಕಾಟವಿತ್ತಂತೆ. ಅರ್ಕಕೀರ್ತಿ ಎಂಬ ಜೈನಮುನಿ ಅದನ್ನು ಬಿಡಿಸಿದರು; ಅದಕ್ಕಾಗಿ ಜಾಲಮಂಗಲವೆಂಬ ಹಳ್ಳಿಯನ್ನು ಜಿನಾಲಯಕ್ಕೆ ದಾನ ಕೊಟ್ಟದ್ದು ಅದರ ಸಾರಾಂಶ. ವರ್ಷವನ್ನು ಶರ, ಶಿಖಿ, ಮುನಿ ಎಂದು ಬರೆದಿದ್ದಾರೆ: ಬಾಣ ಐದು, ಅಗ್ನಿ ಮೂರು, ಮುನಿಗಳು ಏಳು. ಹಿಂದಿನಿಂದ ಓದಿದರೆ ಶಕ 735. ಜ್ಯೇಷ್ಠ ಶುದ್ಧ ದಶಮಿ, ಸೋಮವಾರ. ಸಾವಿರದಿನ್ನೂರು ವರ್ಷ ಕಳೆದರೂ ಆ ತಾಮ್ರದಲ್ಲಿ ತಿಥಿ ವಾರ ಓದಬಹುದು. ಆದರೆ ಅದು ಹೇಳುವುದು ಒಂದೇ ದಿನವನ್ನು. ನಾಳೆ ಏನು ವಾರ ಎಂದು ಅದನ್ನು ಕೇಳುವಂತಿಲ್ಲ. ನಾಳೆಯನ್ನು ಹೇಳುವ ಯಂತ್ರಕ್ಕೆ ವಾರಕ್ಕೊಮ್ಮೆ ಕೀ ಕೊಡುವ ಕೈ ಬೇಕು.

ಕೀ ಕೊಟ್ಟರೂ ಸಾಲದ ದಿನವೊಂದಿದೆ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾಗದಿದ್ದರೆ ಅದು ಅಧಿಕ ವರ್ಷವಲ್ಲ. ಪೋಪ್ ಗ್ರೆಗರಿ 1582ರಲ್ಲಿ ಮಾಡಿದ ಈ ತಿದ್ದುಪಡಿ ನಾಲ್ಕು ವರ್ಷದ ಬಿಲ್ಲೆಗೆ ಗೊತ್ತಿಲ್ಲ. 1900ರಲ್ಲಿ ಊರೆಲ್ಲ ಮಾರ್ಚ್ 1, ಗುರುವಾರ ಎನ್ನುವಾಗ ಇದು ಫೆಬ್ರವರಿ 29 ಎಂದಿರಬೇಕು. ಆಗಿನ್ನೂ ಇದು ದೊರೆಯ ಬಂಗಲೆಯಲ್ಲಿತ್ತು, ಸರಿಮಾಡುವ ಪಾಡು ಅವನದು. 2000ದಲ್ಲಿ ತೊಂದರೆಯಿಲ್ಲ. ಮುಂದಿನ ಸರದಿ 2100, ಅದು ನಮ್ಮ ಮನೆಯವರದು. ರಿಪೇರಿಯವರ ಸಲಹೆಯಂತೆ ಪೆಟ್ಟಿಗೆಯ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ‘2100ರ ಫೆಬ್ರವರಿ 28, ಭಾನುವಾರ. ಮಾರನೆಯ ದಿನ ಗಡಿಯಾರ 29 ಎನ್ನುತ್ತದೆ, ನಂಬಬೇಡಿ. ಮುಳ್ಳನ್ನು ಒಂದಕ್ಕೆ, ತಿಂಗಳನ್ನು ಮಾರ್ಚಿಗೆ ತನ್ನಿ. ವಾರ ಸರಿಯಿರುತ್ತದೆ, ಮುಟ್ಟಬೇಡಿ.’

ನಿಮ್ಮ ಅಟ್ಟದಲ್ಲೂ ಇಂಥದೊಂದು ಇರಬಹುದು. ಗುಜರಿಗೆ ತೂಗಿ ಕೊಡಬೇಡಿ, ಕೊಬ್ಬರಿ ಎಣ್ಣೆ ಬಿಡಬೇಡಿ, ನಡುರಾತ್ರಿಯ ಆಸುಪಾಸಿನಲ್ಲಿ ನಿಂತಿದ್ದರೆ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ಎಚ್‌ಎಂಟಿಯಲ್ಲಿ ಕೈ ಪಳಗಿಸಿಕೊಂಡವರು ತುಮಕೂರಿನಲ್ಲಿ, ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ, ಅವರು ಇರುವಾಗಲೇ ತೋರಿಸಿ. ರಿಪೇರಿಯಾದ ಮೇಲೆ ಕೀಯನ್ನು ನೀವೇ ಇಟ್ಟುಕೊಳ್ಳದೆ ಮನೆಯ ಚಿಕ್ಕವರ ಕೈಗೆ ಕೊಡಿ.