ಸಿಡಿ ಬರೆಯುವ ಮುನ್ನ ಕೇಳಬೇಕಾಗಿದ್ದ ಪ್ರಶ್ನೆ

ಬೋಧನಾಭ್ಯಾಸದ ಮೂರನೆಯ ವಾರ ಎಂಟನೆಯ ತರಗತಿಗೆ ಜನಪದ ಗೀತೆಯ ಪಾಠ ಮಾಡಬೇಕಿತ್ತು. ನಮ್ಮ ಅಜ್ಜಿ ಹಾಡಿದ ನಾಲ್ಕು ಬೀಸುವ ಪದಗಳು ನನ್ನ ಮೊಬೈಲಿನಲ್ಲಿ ಎಂಪಿ3 ಕಡತಗಳಾಗಿದ್ದವು. ಪಾಠ ಯೋಜನೆಯಲ್ಲಿ ‘ಪಾಠೋಪಕರಣ: ಧ್ವನಿಮುದ್ರಿತ ಗೀತೆಗಳು’ ಎಂದು ಹೆಮ್ಮೆಯಿಂದ ಬರೆದೆ. ಶಾಲೆಯಲ್ಲಿ ಇದ್ದದ್ದು ಒಂದು ಹಳೆಯ ಸಿಡಿ ಪ್ಲೇಯರ್.

ಹಿಂದಿನ ರಾತ್ರಿ ಮನೆಯ ಕಂಪ್ಯೂಟರಿನ ಮುಂದೆ ಕುಳಿತೆ. ಸಹಪಾಠಿಯೊಬ್ಬರು ನೀರೋ ಚೆನ್ನಾಗಿದೆ ಎಂದರು, ಇನ್ನೊಬ್ಬರು ಇಮ್ಗ್‌ಬರ್ನ್ ಉಚಿತ ಎಂದರು. ವಿಂಡೋಸ್ 7ರಲ್ಲೇ ಸೌಲಭ್ಯವಿರುವಾಗ ಬೇರೆ ಏಕೆ ಎಂದುಕೊಂಡು ಕಡತಗಳನ್ನು ಎಳೆದು ಹಾಕಿದೆ. ಡಿಸ್ಕನ್ನು ಯುಎಸ್‌ಬಿ ಡ್ರೈವ್‌ನಂತೆ ಬಳಸುವಿರೋ, ಸಿಡಿ ಪ್ಲೇಯರ್‌ನಲ್ಲಿ ಬಳಸುವಿರೋ ಎಂದು ಅದು ಕೇಳಿತು. ಸರಿಯಾಗಿ ಓದದೆ ಮೊದಲನೆಯದನ್ನು ಒತ್ತಿದೆ. ಹಾಡುಗಳು ಕಂಪ್ಯೂಟರಿನಲ್ಲಿ ಕೇಳಿಸಿದವು. ನೆಮ್ಮದಿಯಾಗಿ ಮಲಗಿದೆ.

ತರಗತಿಯಲ್ಲಿ ಪ್ಲೇಯರ್ ಮೌನವಾಗಿತ್ತು. ಡಿಸ್ಕನ್ನು ತೆಗೆದು, ಒರೆಸಿ, ಮತ್ತೆ ಹಾಕಿದೆ. ಹಿಂದಿನ ಬೆಂಚಿನಲ್ಲಿ ನಗು ಶುರುವಾಯಿತು. ಕೊನೆಗೆ ಪದಗಳನ್ನು ನಾನೇ ಓದಿದೆ. ಅರ್ಥ ಹೇಳಿದೆ, ಆದರೆ ರಾಗವಿಲ್ಲದ ಬೀಸುವ ಪದದಲ್ಲಿ ಕಲ್ಲಿನ ಲಯವೆಲ್ಲಿ? ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: ‘ಉಪಕರಣವನ್ನು ಬಳಸುವ ಸ್ಥಳದಲ್ಲೇ ಪರೀಕ್ಷಿಸಿ.’

ತಪ್ಪು ತಂತ್ರಾಂಶದ್ದಲ್ಲ, ನನ್ನದು. ಎಂಪಿ3 ಕಡತಗಳನ್ನು ಹಾಗೆಯೇ ಬರೆದರೆ ಅದು ಡೇಟಾ ಸಿಡಿ. ಹಳೆಯ ಪ್ಲೇಯರ್‌ಗೆ ಬೇಕಾದದ್ದು ಆಡಿಯೋ ಸಿಡಿ. ತಂತ್ರಾಂಶವು ಸಂಕುಚಿತ ಧ್ವನಿಯನ್ನು ಬಿಡಿಸಿ, ಸೆಕೆಂಡಿಗೆ 44,100 ಮಾದರಿಗಳಂತೆ ಬರೆಯಬೇಕು. ಹಾಗಾಗಿ 700 ಎಂಬಿ ಡಿಸ್ಕಿನಲ್ಲಿ ಸುಮಾರು 80 ನಿಮಿಷದ ಧ್ವನಿ ಮಾತ್ರ ಹಿಡಿಯುತ್ತದೆ.

ಎರಡನೆಯ ಸಲ ಆಯ್ಕೆ ಸುಲಭವಾಯಿತು. ಇಮ್ಗ್‌ಬರ್ನ್‌ನಲ್ಲಿ ಆಡಿಯೋ ಸಿಡಿಗೆ ಮೊದಲು ‘ಕ್ಯೂ’ ಕಡತ ಸಿದ್ಧಪಡಿಸಬೇಕು. ಸಿಡಿಬರ್ನರ್‌ಎಕ್ಸ್‌ಪಿಯ ಮೊದಲ ಪರದೆಯಲ್ಲೇ ‘ಆಡಿಯೋ ಡಿಸ್ಕ್’ ಎಂಬ ಆಯ್ಕೆಯಿದೆ, ಅದೂ ಉಚಿತ. ಅದನ್ನೇ ಆರಿಸಿದೆ. ಕೆಲವು ಹಳೆಯ ಪ್ಲೇಯರ್‌ಗಳು ಅಳಿಸಿ ಬರೆಯುವ ಸಿಡಿಯನ್ನು ಓದುವುದಿಲ್ಲವಾದ್ದರಿಂದ ಸಾದಾ ಸಿಡಿ-ಆರ್ ತಂದೆ, ಕಡಿಮೆ ವೇಗದಲ್ಲಿ ಬರೆದು ಡಿಸ್ಕನ್ನು ಮುಕ್ತಾಯಗೊಳಿಸಿದೆ. ಪಾಠದ ದಿನ ಬೆಳಿಗ್ಗೆ ಪ್ರಾರ್ಥನೆಗೂ ಮುನ್ನ ಶಾಲೆಗೆ ಹೋಗಿ ಅದೇ ಪ್ಲೇಯರ್‌ನಲ್ಲಿ ಹಾಕಿ ನೋಡಿದೆ. ಹಾಡಿತು.

ಪಾಠ ಯೋಜನೆಯಲ್ಲಿ ಉದ್ದೇಶವನ್ನು ಮೊದಲು ಬರೆದು, ಉಪಕರಣವನ್ನು ಆಮೇಲೆ ಆರಿಸಿ ಎಂದು ನಮಗೆ ಕಲಿಸುತ್ತಾರೆ. ನಾನು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದ್ದೆ. ಈ ಸಿಡಿ ಎಲ್ಲಿ ಹಾಡಬೇಕು ಎಂದು ಕೇಳಿರಲಿಲ್ಲ. ಈಗ ಉಪಕರಣದ ಅಂಕಣದಲ್ಲಿ ‘ಎಲ್ಲಿ, ಯಾವುದರಲ್ಲಿ’ ಎಂಬುದನ್ನೂ ಬರೆಯುತ್ತೇನೆ.

ಮೊದಲ ದಿನ ಸಂಜೆ ಅಜ್ಜಿ, “ಮಕ್ಕಳು ಕೇಳಿದ್ರೇನೋ?” ಎಂದಾಗ ತಲೆ ತಗ್ಗಿಸಿದ್ದೆ. ಎರಡನೆಯ ಸಲ ಅವಳು ಕೇಳುವ ಮೊದಲೇ ಹೇಳಿದೆ: “ಎರಡು ಸಲ ಹಾಕಿಸ್ಕೊಂಡ್ರು ಅಜ್ಜಿ.”