ಬಿಟ್ಟಿಯೂ ಮುಯ್ಯಿಯೂ

ಬಿಟ್ಟಿ ಬಂದದ್ದರ ಮೇಲೆ ನಮ್ಮ ಭಾವನಿಗೆ ಮೊದಲಿನಿಂದಲೂ ಅನುಮಾನ. ಸೊಪ್ಪಿನವಳು ಕೊಸರಿಗೆಂದು ನಾಲ್ಕು ಎಸಳು ಕರಿಬೇವು ಹಾಕಿದರೆ ಸಾಕು, ಸೊಪ್ಪಿನಲ್ಲೇನೋ ಐಬಿದೆ ಎಂದು ಕಟ್ಟು ಬಿಚ್ಚಿ ನೋಡುವ ಪೈಕಿ. ಇಂಥವರ ಲ್ಯಾಪ್‌ಟಾಪಿಗೆ ಲಿಬ್ರೆಆಫೀಸ್ ಎಂಬ ಪುಕ್ಕಟೆ ಆಫೀಸ್ ತಂತ್ರಾಂಶ ಹಾಕಿಕೊಡುವ ಕೆಲಸ ನನ್ನ ತಲೆಗೆ ಬಂತು.

ಆದದ್ದಿಷ್ಟು. ಭಾವನ ಷಷ್ಟ್ಯಬ್ದಿ ಹತ್ತಿರವಾಗಿತ್ತು. ಕರೆಯೋಲೆಯನ್ನು ತಾವೇ ಟೈಪು ಮಾಡುತ್ತೇನೆಂದು ಕೂತರೆ, ಲ್ಯಾಪ್‌ಟಾಪ್ ಜತೆಯಲ್ಲಿ ಬಂದಿದ್ದ ಆಫೀಸ್ ತಂತ್ರಾಂಶ 'ಅವಧಿ ಮುಗಿಯಿತು, ಹಣ ಕಟ್ಟಿ' ಎಂದು ಬಾಗಿಲು ಹಾಕಿಕೊಂಡಿತ್ತು. "ಮನೆ ಕೊಂಡಮೇಲೂ ಅಡಿಗೆಮನೆಗೆ ವರ್ಷವರ್ಷ ಬಾಡಿಗೆ ಕೇಳ್ತಾರಲ್ಲಯ್ಯ, ಒಂದು ಸಲ ಬಂದು ಹೋಗು" ಎಂದು ಫೋನ್ ಬಂತು. ನಾನು ಶಿವಮೊಗ್ಗದಿಂದ ಬೆಳಗಿನ ರೈಲು ಹಿಡಿದು ಮೈಸೂರಿಗೆ ಇಳಿದೆ. ನಮ್ಮ ಕುಟುಂಬದಲ್ಲಿ ಮಿಕ್ಸಿ ಕೆಟ್ಟರೆ ಮಿಕ್ಸಿಯವನನ್ನು ಕರೆಯುತ್ತಾರೆ, ಕಂಪ್ಯೂಟರ್ ಕೆಟ್ಟರೆ ನನ್ನನ್ನು. ಮಿಕ್ಸಿಯವನಿಗೆ ದುಡ್ಡು ಕೊಡುತ್ತಾರೆ, ನನಗೆ ಕಾಫಿ.

ಭಾವನದು ವಿಂಡೋಸ್. ಅಲ್ಲಿ ಇನ್‌ಸ್ಟಾಲ್ ಮಾಡುವುದೆಂದರೆ ಅಜ್ಜಿಯ ಹತ್ತಿರ ಕತೆ ಕೇಳಿದ ಹಾಗೆ. ಹೂಂಗುಟ್ಟದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಮುನ್ನೂರು ಚಿಲ್ಲರೆ ಎಂಬಿ ತೂಕದ ಎಂಎಸ್‌ಐ ಫೈಲು ಇಳಿಸಿ, ಅದರ ಮೇಲೆ ಎರಡು ಸಲ ಒತ್ತಿದೆ. ಸ್ವಾಗತ ಎಂದಿತು; ಹೂಂ, ನೆಕ್ಸ್ಟ್. ಟಿಪಿಕಲ್ಲೋ ಕಸ್ಟಮ್ಮೋ ಎಂದಿತು. ಇಲ್ಲಿ ಮಾತ್ರ ಕುರುಡು ಹೂಂ ಕೂಡದು. ಕಸ್ಟಮ್ ಅಂದರೆ ಭಾಷೆಗಳ ಉದ್ದನೆಯ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅದರ ನಡುವೆ ಕನ್ನಡವೂ ಕೂತಿರುತ್ತದೆ. ಹುಡುಕಿ ಸೇರಿಸಿಕೊಂಡರೆ ಮೆನುಗಳನ್ನೆಲ್ಲ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಆಮೇಲೆ ಡೆಸ್ಕ್‌ಟಾಪಿನ ಮೇಲೊಂದು ಚಿತ್ರ ಇಡಲೇ ಎಂದಿತು, ಹೂಂ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಪರದೆಯೆಲ್ಲ ಮಂಕಾಗಿ, ನಡುವೆ ಒಂದು ಚೌಕ ಎದ್ದು, ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಬಹುದೇ ಎಂದು ಕೇಳಿತು. ಪ್ರಕಾಶಕರು: ದಿ ಡಾಕ್ಯುಮೆಂಟ್ ಫೌಂಡೇಶನ್.

ಭಾವ ನನ್ನ ಕೈ ಹಿಡಿದರು. "ತಡಿ. ಯಾರಯ್ಯ ಇವರು? ಪುಕ್ಕಟೆ ಕೊಡೋರಿಗೆ ಏನು ಲಾಭ?"

ಹೂಂಗುಡುವ ಸರದಿ ಈಗ ಅವರದಾಯಿತು. ಮಂಕು ಪರದೆಯನ್ನು ಹಾಗೇ ಬಿಟ್ಟು ನಾನು ಕತೆ ಶುರುಮಾಡಿದೆ. ಜರ್ಮನಿಯ ಲ್ಯೂನೆಬುರ್ಗ್ ಎಂಬ ಊರು. 1985ರಲ್ಲಿ ಅಲ್ಲಿ ಮಾರ್ಕೊ ಬೋರೀಸ್ ಎಂಬ ಹದಿಹರೆಯದ ಹುಡುಗ ಸ್ಟಾರ್ ಡಿವಿಷನ್ ಎಂಬ ಕಂಪನಿ ಕಟ್ಟಿದ. ಅದರಿಂದ ಹುಟ್ಟಿದ್ದು ಸ್ಟಾರ್‌ಆಫೀಸ್. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪನಿಯನ್ನೇ ಕೊಂಡು, ಮರುವರ್ಷ ತಂತ್ರಾಂಶದ ಮೂಲ ಸಂಕೇತವನ್ನು ಲೋಕಕ್ಕೆ ತೆರೆದಿಟ್ಟಿತು. ಅದು ಓಪನ್‌ಆಫೀಸ್. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ಇನ್ನು ನಮ್ಮ ಗತಿಯೇನೋ ಎಂದುಕೊಂಡ ಸ್ವಯಂಸೇವಕರು ಅದೇ ಸೆಪ್ಟೆಂಬರಿನಲ್ಲಿ ಹೊರಬಂದು ಈ ಫೌಂಡೇಶನ್ ಘೋಷಿಸಿದರು. ಹಳೆಯ ಹೆಸರು ಒರಾಕಲ್ ಬಳಿಯೇ ಉಳಿಯಿತು. ಇವರು ಲಿಬ್ರೆಆಫೀಸ್ ಎಂದು ಹೊಸ ನಾಮಕರಣ ಮಾಡಿಕೊಂಡರು.

"ಅಂದರೆ ಒಟ್ಟು ಕುಟುಂಬ ಒಡೆದು ಬೇರೆ ಒಲೆ ಹೂಡಿದರು ಅನ್ನು" ಎಂದರು ಭಾವ. ಇಪ್ಪತ್ತೈದು ವರ್ಷದ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ನಾನೆಲ್ಲೂ ಓದಿಲ್ಲ.

'ಲಿಬ್ರೆ' ಎಂದರೆ ಫ್ರೆಂಚಿನಲ್ಲೂ ಸ್ಪ್ಯಾನಿಷಿನಲ್ಲೂ ಸ್ವತಂತ್ರ ಎಂದು. ಇಂಗ್ಲಿಷಿನವರಿಗೆ ಇದೊಂದು ಪೇಚು. ಬಿಟ್ಟಿಗೂ ಫ್ರೀ, ಸ್ವಾತಂತ್ರ್ಯಕ್ಕೂ ಫ್ರೀ. ಅದಕ್ಕೇ ಪಕ್ಕದ ಮನೆಯಿಂದ ಪದ ಸಾಲ ತಂದರು. ಕನ್ನಡದಲ್ಲಿ ಆ ತಾಪತ್ರಯವಿಲ್ಲ. ಬಿಟ್ಟಿ ಬೇರೆ, ಸ್ವತಂತ್ರ ಬೇರೆ. ಆದರೂ ನಾನು 'ಸ್ವತಂತ್ರ ತಂತ್ರಾಂಶ' ಎಂದು ನಾಲ್ಕು ಸಲ ಹೇಳಿದ್ದು ಭಾವನ ಕಿವಿಗೆ 'ಬಿಟ್ಟಿ' ಎಂದೇ ಬಿತ್ತು. ಅಂತೂ ಚೌಕದಲ್ಲಿ 'ಯೆಸ್' ಒತ್ತಿದರು, ಇಂಜೆಕ್ಷನ್‌ಗೆ ತೋಳು ಕೊಡುವವರ ಮುಖ ಮಾಡಿಕೊಂಡು.

ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ಅಕ್ಕನ ಮಗಳ ಫೋನು. "ಮಾವ, ಅಪ್ಪನಿಗೆ ಹಾಕ್ತಿರೋದು ನನಗೂ ಬೇಕಿತ್ತು. ನಾನೇ ಹಾಕಿಕೊಂಡೆ. ನಿನ್ನೆ ಇತ್ತು, ಇವತ್ತು ಇಲ್ಲ!"

ಅವಳದು ಮ್ಯಾಕ್. ಅಲ್ಲಿ ಹೂಂಗುಡುವ ಗೋಜಿಲ್ಲ. ಡಿಎಂಜಿ ಎಂಬ ಡಬ್ಬಿ ಇಳಿಯುತ್ತದೆ. ತೆರೆದರೆ ಎಡಗಡೆ ಲಿಬ್ರೆಆಫೀಸಿನ ಚಿತ್ರ, ಬಲಗಡೆ ಅಪ್ಲಿಕೇಶನ್ಸ್ ಫೋಲ್ಡರು. ಇದನ್ನು ಎಳೆದು ಅದರ ಮೇಲೆ ಬಿಟ್ಟರೆ ಆಯಿತು, ಅಕ್ಕಿಯನ್ನು ಚೀಲದಿಂದ ಡಬ್ಬಕ್ಕೆ ಸುರಿದ ಹಾಗೆ. ಮೊದಲ ಸಲ ತೆರೆಯುವಾಗ, ಇದು ಇಂಟರ್‌ನೆಟ್‌ನಿಂದ ಇಳಿಸಿದ್ದು, ತೆರೆಯಲೇ ಎಂದು ಒಂದೇ ಒಂದು ಸಲ ಕೇಳುತ್ತದೆ. ಇಷ್ಟು ಸುಲಭವಾದದ್ದರಿಂದಲೇ ತಪ್ಪೂ ಸುಲಭ. ನಮ್ಮ ಹುಡುಗಿ ಅಕ್ಕಿಯನ್ನು ಡಬ್ಬಕ್ಕೆ ಸುರಿಯದೆ ಚೀಲದಿಂದಲೇ ಬೊಗಸೆಯಲ್ಲಿ ತೆಗೆದು ಅನ್ನ ಮಾಡಿದ್ದಳು. ಅಂದರೆ ಚಿತ್ರವನ್ನು ಎಳೆಯದೆ ಅಲ್ಲೇ ಒತ್ತಿ ಕೆಲಸ ಮಾಡಿದ್ದಳು. ರಾತ್ರಿ ಮ್ಯಾಕ್ ಆರಿಸಿದಾಗ ಚೀಲ ಮುಚ್ಚಿಕೊಂಡಿತು. "ಎಳೆಯಮ್ಮ, ಎಳೆದು ಬಿಡು" ಎಂದೆ. "ಇಷ್ಟೇನಾ?" ಎಂದಳು. ಇಷ್ಟೇ. ಕನ್ನಡದ ಮೆನು ಬೇಕಾದರೆ ಮಾತ್ರ ಭಾಷೆಯ ಪೊಟ್ಟಣವನ್ನು ಬೇರೆಯಾಗಿ ಇಳಿಸಬೇಕು.

ಇನ್ನು ನನ್ನದು, ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು. ಮೊದಲೆಲ್ಲ ಉಬುಂಟು ಹಾಕಿದರೆ ಲಿಬ್ರೆಆಫೀಸ್ ಜತೆಗೇ ಬರುತ್ತಿತ್ತು. 23.10ನೇ ಆವೃತ್ತಿಯಿಂದ ಮಾಮೂಲಿ ಇನ್‌ಸ್ಟಾಲಿನಲ್ಲಿ ಅದಿಲ್ಲ, ಬೇಕೆಂದವರು ಕೇಳಿ ಹಾಕಿಸಿಕೊಳ್ಳಬೇಕು. ಚಿತ್ರ ಒತ್ತಿ ಹಾಕಿಕೊಳ್ಳುವ ಅಂಗಡಿ ಇಲ್ಲೂ ಉಂಟು. ಆದರೆ ಲಿನಕ್ಸ್ ಬಳಸುವವರಿಗೆ ಕಪ್ಪು ಪರದೆಯಲ್ಲಿ ಮಂತ್ರ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್ರೆಆಫೀಸ್. ಅಕ್ಕ ಬಗ್ಗಿ ನೋಡಿ, "ಏನನ್ನ ಸುಡ್ತೀಯೋ?" ಎಂದಳು. ಸುಡುವುದಲ್ಲ ಮಾರಾಯ್ತಿ, ಯಜಮಾನನ ಅಧಿಕಾರದಿಂದ ಮಾಡು ಎಂದು ಅರ್ಥ. ಆಗ ಪಾಸ್‌ವರ್ಡ್ ಕೇಳುತ್ತದೆ. ಟೈಪು ಮಾಡುತ್ತಿದ್ದರೆ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಅದು ಮೌನ ಜಪ. ಹೊಸಬರು ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗುವುದು ಇಲ್ಲೇ. ಮಂತ್ರದಲ್ಲಿ ಒಂದಕ್ಷರ ತಪ್ಪಿದರೆ ದೇವರು ಬರುವುದಿಲ್ಲ. ಸರಿಯಾಗಿದ್ದರೆ ಒಬ್ಬರನ್ನು ಕರೆದದ್ದಕ್ಕೆ ದಿಬ್ಬಣವೇ ಬರುತ್ತದೆ. ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಸ್ಲೈಡುಗಳಿಗೆ ಇಂಪ್ರೆಸ್ ಅಲ್ಲದೆ, ಅವುಗಳ ಬೆನ್ನಿಗೆ ಬೇಕಾದ ಹತ್ತಾರು ಪೊಟ್ಟಣಗಳ ಹೆಸರು ಸಾಲಾಗಿ ಓಡಿ, ಇಷ್ಟು ಜನ ಬರುತ್ತಿದ್ದೇವೆ, ಆದೀತೇ ಎಂದು ಒಂದೇ ಸಲ ಕೇಳುತ್ತದೆ. ವೈ ಒತ್ತಿ ಕಾಫಿ ಕುಡಿಯಲು ಹೋದರಾಯಿತು.

ಮೂರೂ ಕಡೆ ಒಳಗೆ ಬಂದು ಕೂತ ಅತಿಥಿ ಒಬ್ಬನೇ. ಹೊಸ್ತಿಲ ಶಾಸ್ತ್ರ ಮಾತ್ರ ಬೇರೆ ಬೇರೆ. ದಾಟಿದ ಮೇಲೆ ಎಲ್ಲ ಒಂದೇ ಎಂದು ನಾನೂ ನಂಬಿದ್ದೆ. ಆ ನಂಬಿಕೆ ಹನ್ನೆರಡು ದಿನ ಬಾಳಿತು.

ಭಾವ ಟೈಪು ಮಾಡಿದ ಕರೆಯೋಲೆಯನ್ನು ಅಂದಗಾಣಿಸಲು ನನಗೆ ಕಳಿಸಿದರು. ನನ್ನ ಉಬುಂಟುವಿನಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳಿವೆ. ಷಷ್ಟ್ಯಬ್ದಿಗೆ ಗುಬ್ಬಿ ಬೇಡವೆಂದು ನವಿಲಿನಲ್ಲೇ ಜೋಡಿಸಿದೆ. ಒಂದೇ ಪುಟ, ಅಚ್ಚುಕಟ್ಟು. ಕಟ್ಟಕಡೆಯ ಸಾಲು: 'ನಿಮ್ಮ ಆಗಮನವೇ ಉಡುಗೊರೆ, ಬೇರೆ ಉಡುಗೊರೆ ತರಬಾರದಾಗಿ ವಿನಂತಿ.' ಭಾವನ ಖಡಾಖಂಡಿತ ಅಪ್ಪಣೆ ಅದು.

ಫೈಲು ಮೈಸೂರಿಗೆ ಹೋಯಿತು, ನವಿಲು ಹೋಗಲಿಲ್ಲ. ನಾವಾಗಿ ಕಟ್ಟಿ ಕಳಿಸದಿದ್ದರೆ ಫೈಲಿನ ಜತೆ ಹೋಗುವುದು ಫಾಂಟಿನ ಹೆಸರು ಮಾತ್ರ. ಆ ಹೆಸರಿನವರು ಭಾವನ ಯಂತ್ರದಲ್ಲಿ ಯಾರೂ ಇಲ್ಲದ್ದರಿಂದ, ಅಲ್ಲಿದ್ದ ಇನ್ನಾವುದೋ ಕನ್ನಡ ಫಾಂಟು ಆ ಜಾಗದಲ್ಲಿ ಕೂತಿತು. ಅದರ ಮೈಕಟ್ಟೇ ಬೇರೆ. ಸಾಲುಗಳು ಒಂದಿಷ್ಟು ಕೆಳಕ್ಕೆ ಜರುಗಿ, ಕೊನೆಯ ಸಾಲು ಎರಡನೆಯ ಪುಟಕ್ಕೆ ಇಳಿಯಿತು. ಒಂದೇ ಪುಟವೆಂದು ತಿಳಿದಿದ್ದ ಭಾವ ಒಂದನೆಯ ಪುಟವನ್ನಷ್ಟೇ ಪ್ರಿಂಟ್ ತೆಗೆದು, ಝೆರಾಕ್ಸ್ ಅಂಗಡಿಯಲ್ಲಿ ಇನ್ನೂರು ಪ್ರತಿ ಮಾಡಿಸಿ ಹಂಚಿದರು. ಮೇಲಿನ ಪಟ್ಟಿಯಲ್ಲಿರುವ ಪಿಡಿಎಫ್ ಗುಂಡಿಯನ್ನು ಒಂದು ಸಲ ಒತ್ತಿ ಕಳಿಸಿದ್ದರೆ ನವಿಲು ಗರಿಯೂ ಕೊಂಕದೆ ಮೈಸೂರು ಸೇರುತ್ತಿತ್ತು. ಒತ್ತದವನು ನಾನು.

ಸಮಾರಂಭ ಮುಗಿದ ಸಂಜೆ ನಡುಮನೆಯಲ್ಲಿ ಐದು ಗೋಡೆ ಗಡಿಯಾರ, ಮೂರು ಊಟದ ಡಬ್ಬಿ, ಎರಡು ಗಣಪತಿ, ಮೇಲೊಂದು ರಾಶಿ ಲಕೋಟೆ. ಭಾವ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕ್ಯಾಲ್ಕ್ ತೆರೆದು ಕೂತಿದ್ದರು. ಒಂದು ಕಾಲಮ್ಮಿನಲ್ಲಿ ಹೆಸರು, ಇನ್ನೊಂದರಲ್ಲಿ ಕೊಟ್ಟದ್ದು. ನಾನು ಮೆಲ್ಲಗೆ, "ಹೋಗಲಿ ಬಿಡಿ ಭಾವ, ಇವೆಲ್ಲ ಬಿಟ್ಟಿ ಬಂದ ಹಾಗಾಯಿತಲ್ಲ" ಎಂದೆ.

"ಎಲ್ಲಿ ಬಿಟ್ಟಿ? ಇಷ್ಟು ಮನೆಗೂ ಮುಯ್ಯಿ ತೀರಿಸಬೇಕು" ಎಂದು ಮೂರನೆಯ ಕಾಲಮ್ಮಿಗೆ 'ನಾವು ಕೊಡಬೇಕಾದ್ದು' ಎಂದು ತಲೆಬರಹ ಬರೆದರು. ಆಮೇಲೆ ಪರದೆಯನ್ನು ಬೆರಳಿನಿಂದ ತಟ್ಟಿದರು. "ಈ ಮನೆಗೆ ಬಂದದ್ದರಲ್ಲಿ ಬಿಟ್ಟಿ ಅಂದರೆ ಇದೊಂದೇ ಕಣಯ್ಯ."